ಬೋ ಕೇರಿಯ ಹುಡುಗ, ಬಡಗೇರಿಯ ಅಜ್ಜಿ

ರ‍್ಯಾಪ್ ಹಾಡನ್ನು ಹುಟ್ಟಿಸಿದವರು ಮೈಕ್‌ಸೆಟ್ಟಿನವರು. ಅಂಕೋಲೆಯಲ್ಲಿ ಅಪ್ಪನ ಕಾಲದಿಂದ ಅದೇ ಕಸುಬು ಮಾಡಿಕೊಂಡು ಬಂದ ನನಗೆ ಈ ಸಂಗತಿ ಗೊತ್ತಾದಾಗ ಆದ ಹಿಗ್ಗು ಅಷ್ಟಿಷ್ಟಲ್ಲ. 1950ರ ದಶಕದಲ್ಲಿ ಜಮೈಕಾದ ಕಿಂಗ್‌ಸ್ಟನ್ ಪಟ್ಟಣದ ಬಡವರಿಗೆ ವಾದ್ಯಗೋಷ್ಠಿ ಕರೆಸುವ ತಾಕತ್ತಿರಲಿಲ್ಲ. ಆಳೆತ್ತರದ ಬಾಕ್ಸು, ಆಂಪ್ಲಿಫೈಯರು, ರೆಕಾರ್ಡ್ ಪ್ಲೇಯರು ಹೇರಿಕೊಂಡು ಬರುವವರಿಂದಲೇ ಅಲ್ಲಿ ಕುಣಿತ, ಅವರಿಂದಲೇ ಹಬ್ಬ. ರೆಕಾರ್ಡು ತಿರುಗುತ್ತಿರುವಾಗ ಅವರಲ್ಲೊಬ್ಬ ಮೈಕ್ ಹಿಡಿದು, ತಾಳ ತಪ್ಪದಂತೆ ಮಾತು ಹೊಸೆಯುತ್ತಿದ್ದ. ಅದೇ ಊರಲ್ಲಿ ಹುಟ್ಟಿ ನ್ಯೂಯಾರ್ಕ್ ಸೇರಿದ ಕೂಲ್ ಹರ್ಕ್ ಎಂಬ ಹುಡುಗ 1973ರ ಆಗಸ್ಟ್ 11ರಂದು ತಂಗಿ ಏರ್ಪಡಿಸಿದ್ದ ಪಾರ್ಟಿಗೆ ಹೀಗೇ ಬಾಕ್ಸು ಕಟ್ಟಿದ. ಹಿಪ್‌ಹಾಪ್‌ನವರು ಇವತ್ತಿಗೂ ಆ ದಿನವನ್ನು ಹುಟ್ಟುಹಬ್ಬವಾಗಿ ಆಚರಿಸುತ್ತಾರೆ. ಇನ್ನೊಂದು ಕವಲು ಇಂಗ್ಲೆಂಡಿಗೆ ಹರಿಯಿತು. 1948ರಲ್ಲಿ ‘ವಿಂಡ್‌ರಷ್’ ಹಡಗು ಹತ್ತಿ ದುಡಿಯಲು ಹೋದವರು, ಅವರ ಹಿಂದೆ ಹೋದವರು ತಮ್ಮ ಬಾಕ್ಸುಗಳನ್ನು ಅಲ್ಲೇ ಮರಗೆಲಸ ಮಾಡಿ ಕಟ್ಟಿಕೊಂಡರು. ಲಂಡನ್ನಿನ ಕ್ಲಬ್ಬುಗಳು ಕರಿಯರನ್ನು ಒಳಗೆ ಬಿಡದಿದ್ದಾಗ ಮನೆಯ ನೆಲಮಾಳಿಗೆಯಲ್ಲೇ ಮೈಕ್‌ಸೆಟ್ ಹಾಕಿದರು.

ಈ ವಂಶದಲ್ಲಿ ಬಂದ ಹುಡುಗ ಡಿಜ್ಜಿ ರಾಸ್ಕಲ್. ಮನೆಯಲ್ಲಿ ಇಟ್ಟ ಹೆಸರು ಡಿಲನ್ ಮಿಲ್ಸ್. ಹುಟ್ಟಿದ್ದು 1984ರ ಸೆಪ್ಟೆಂಬರಿನಲ್ಲಿ, ಬೆಳೆದದ್ದು ಪೂರ್ವ ಲಂಡನ್ನಿನ ಬೋ ಎಂಬಲ್ಲಿ, ಸರ್ಕಾರ ಕಟ್ಟಿಸಿದ ಬಾಡಿಗೆ ಮನೆಗಳ ಗೋಪುರದ ನೆರಳಲ್ಲಿ. ಅಪ್ಪ ನೈಜೀರಿಯಾದವನು, ಮಗ ಚಿಕ್ಕವನಿದ್ದಾಗಲೇ ತೀರಿಕೊಂಡ. ಘಾನಾದ ತಾಯಿ ಒಬ್ಬಳೇ ಸಾಕಿದಳು. ಬೋ ಕೇರಿಯಲ್ಲಿ ನಿಂತು ನೋಡಿದರೆ ಕೆನರಿ ವಾರ್ಫ್‌ನ ಬ್ಯಾಂಕುಗಳ ಗಾಜಿನ ಕಟ್ಟಡಗಳು ಕಾಣುತ್ತವೆ. ಅವುಗಳ ಒಳಗೆ ಆ ಕೇರಿಯ ಮಕ್ಕಳಿಗೆ ಕೆಲಸವಿಲ್ಲ. ಒಂದಾದ ಮೇಲೊಂದು ಶಾಲೆ ಈ ಹುಡುಗನನ್ನು ಹೊರಗೆ ಹಾಕಿತು. ಕೊನೆಗೆ ಸಿಕ್ಕಿದ ಲ್ಯಾಂಗ್ಡನ್ ಪಾರ್ಕ್ ಶಾಲೆಯಲ್ಲೂ ಉಳಿದ ತರಗತಿಗಳು ಬೇಡವೆಂದವು. ಟಿಮ್ ಸ್ಮಿತ್ ಎಂಬ ಸಂಗೀತ ಮೇಷ್ಟ್ರು ಮಾತ್ರ ತಮ್ಮ ಕೋಣೆಯ ಕಂಪ್ಯೂಟರ್ ತೋರಿಸಿ ಕೂರಿಸಿಕೊಂಡರು. ಹುಡುಗ ಅಲ್ಲೇ ಕೂತು ತಾಳ ಜೋಡಿಸುವುದನ್ನು ಕಲಿತ.

ಕಾಲೇಜು ಓದುವ ಹುಡುಗನೊಬ್ಬ ಪೆನ್‌ಡ್ರೈವ್‌ನಲ್ಲಿ ತಂದುಕೊಟ್ಟದ್ದು ಇವನ ಆಲ್ಬಂ ‘ಬಾಯ್ ಇನ್ ದ ಕಾರ್ನರ್’. ಇಂಗ್ಲಿಷು ನನಗೆ ಅರ್ಧಂಬರ್ಧ. ಲಂಡನ್ ಕೇರಿಯ ಇಂಗ್ಲಿಷಂತೂ ಹುಡುಗ ಬಿಡಿಸಿ ಹೇಳಿದ ಮೇಲೆಯೇ ತಲೆಗೆ ಹೋದದ್ದು. ಆದರೆ ಸದ್ದು ನನ್ನ ಕಸುಬು, ಅದಕ್ಕೆ ಯಾರ ಅನುವಾದವೂ ಬೇಡ. ಕೆಳಗೆ ಎದೆ ಗುದ್ದುವ ಬಾಸ್, ಮೇಲೆ ತಗಡು ಬಡಿದಂಥ ಚೂಪು ತಾಳ, ನಡುವೆ ಏನೂ ಇಲ್ಲ. ಆರ್ಕೆಸ್ಟ್ರಾದವರು ಕೀಬೋರ್ಡು, ಗಿಟಾರು ತುಂಬಿ ಉಸಿರುಗಟ್ಟಿಸುವ ಜಾಗವನ್ನು ಈತ ಖಾಲಿ ಬಿಟ್ಟು ತನ್ನ ದನಿಯನ್ನು ಮಾತ್ರ ಕೂರಿಸಿದ್ದಾನೆ. ಆ ದನಿಯೋ, ಗಂಟಲು ಒಡೆಯುವ ವಯಸ್ಸಿನ ಹುಡುಗ ಬೀದಿಯ ಆ ತುದಿಯಲ್ಲಿದ್ದವನನ್ನು ಕೂಗಿ ಕರೆದ ಹಾಗೆ. ಈ ಬಗೆಯ ಸಂಗೀತಕ್ಕೆ ‘ಗ್ರೈಮ್’ ಎನ್ನುತ್ತಾರೆ. ನಿಮಿಷಕ್ಕೆ ಸುಮಾರು 140 ಪೆಟ್ಟು. ಅಷ್ಟು ವೇಗದಲ್ಲಿ ಮಾತು ಸ್ಪಷ್ಟವಾಗಿ ಬೀಳಬೇಕಾದರೆ ಬಾಯಿಗೆ ಯಕ್ಷಗಾನದ ಅರ್ಥಧಾರಿಯ ಪಳಗಿಕೆ ಬೇಕು.

ಪಳಗಿದ್ದು ಕಳ್ಳ ರೇಡಿಯೊಗಳಲ್ಲಿ. ಎತ್ತರದ ವಸತಿ ಕಟ್ಟಡಗಳ ತಾರಸಿಗೆ ರಾತ್ರೋರಾತ್ರಿ ಏರಿಯಲ್ ಕಟ್ಟಿ, ಪರವಾನಗಿ ಇಲ್ಲದೆ ಹುಡುಗರೇ ನಡೆಸುತ್ತಿದ್ದ ಎಫ್‌ಎಂ ಕೇಂದ್ರಗಳು ಅವು. ಅಧಿಕಾರಿಗಳು ಬಂದು ಕಿತ್ತುಹಾಕಿದರೆ ಮತ್ತೊಂದು ಕಟ್ಟಡ. 1994ರಲ್ಲಿ ಹೀಗೆ ಶುರುವಾದ ರಿನ್ಸ್ ಎಫ್‌ಎಂಗೆ 2010ರಲ್ಲಿ ಅಧಿಕೃತ ಪರವಾನಗಿಯೇ ಸಿಕ್ಕಿತು. ಒಂದೇ ಮೈಕಿಗೆ ಸಾಲುಗಟ್ಟಿ ನಿಂತ ಹುಡುಗರು, ತಡವರಿಸಿದವನ ಕೈಯಿಂದ ಮೈಕ್ ಪಕ್ಕದವನಿಗೆ. ನಮ್ಮಲ್ಲಿ ಸುಗ್ಗಿ ಹಬ್ಬದ ವೇಷದಾಟವಾದ ಹಗರಣದಲ್ಲಿ ವೇಷ ಹಾಕಿದವನು ಕ್ಷಣ ಮಂಕಾದರೆ ಜನ ಆಚೆಯವನ ಕಡೆ ಮುಖ ತಿರುಗಿಸುವುದಿಲ್ಲವೇ, ಆ ಶಾಲೆಯೂ ಹಾಗೆಯೇ ಕಠಿಣ.

2003ರ ಜುಲೈಯಲ್ಲಿ ಆಲ್ಬಂ ಹೊರಬಂತು. ಅದೇ ತಿಂಗಳು ಸೈಪ್ರಸ್‌ನಲ್ಲಿ ಯಾರೋ ಅವನಿಗೆ ಚೂರಿ ಹಾಕಿದರು. ಸೆಪ್ಟೆಂಬರಿನಲ್ಲಿ, 19 ತುಂಬಲು ಕೆಲವೇ ದಿನ ಇರುವಾಗ, ಕೋಲ್ಡ್‌ಪ್ಲೇ, ರೇಡಿಯೊಹೆಡ್‌ನಂಥ ದೊಡ್ಡ ತಂಡಗಳಿದ್ದ ಪಟ್ಟಿಯಿಂದ ಮರ್ಕ್ಯುರಿ ಪ್ರಶಸ್ತಿ ಅವನಿಗೆ ಬಂತು. ಆಮೇಲಿನದು ಏರುದಾರಿ. 2009ರ ‘ಬಾಂಕರ್ಸ್’ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. 2012ರಲ್ಲಿ ಒಲಿಂಪಿಕ್ಸ್ ಲಂಡನ್ನಿಗೆ, ಅದೂ ಬೋ ಪಕ್ಕದ ಸ್ಟ್ರಾಟ್‌ಫರ್ಡ್‌ಗೇ ಬಂದಾಗ, ಉದ್ಘಾಟನೆಯ ರಾತ್ರಿ ಅವನೂ ಹಾಡಿದ. ಇದರ ಜೊತೆಗೇ ಹೇಳಬೇಕಾದ್ದು ಇನ್ನೊಂದಿದೆ. ಹಿಂದಿನ ಸಂಗಾತಿಯ ಮೇಲೆ ಕೈ ಮಾಡಿದ್ದಕ್ಕೆ 2022ರಲ್ಲಿ ನ್ಯಾಯಾಲಯ ಅವನನ್ನು ತಪ್ಪಿತಸ್ಥನೆಂದಿತು. ಹಾಡು ಮೆಚ್ಚುವ ನಮ್ಮ ಹುಡುಗರಿಗೆ ಇದನ್ನೂ ಬಾಯಿಬಿಟ್ಟು ಹೇಳಿದ್ದೇನೆ. ಹೆಣ್ಣಿನ ಮೇಲೆ ಎತ್ತಿದ ಕೈಯನ್ನು ಯಾವ ಪ್ರಶಸ್ತಿಯೂ ತೊಳೆಯುವುದಿಲ್ಲ.

ಅಂಕೋಲೆಯವನಾಗಿ ಕೇರಿಯ ಹಾಡಿನ ಬಗ್ಗೆ ಬರೆಯುವಾಗ ಸುಕ್ರಿ ಬೊಮ್ಮಗೌಡರು ಕಣ್ಣಮುಂದೆ ಬರುತ್ತಾರೆ. ಹಾಲಕ್ಕಿ ಒಕ್ಕಲಿಗರ ಬಡಗೇರಿಯ ಸುಕ್ರಜ್ಜಿ. ಎಳೆಯ ವಯಸ್ಸಿಗೇ ಮದುವೆ, ಗಂಡನನ್ನು ಹೆಂಡ ತಿಂದಿತು, ಸಾಕಿಕೊಂಡ ಮಗನನ್ನೂ ಅದೇ ತಿಂದಿತು. ಕೂತು ಅಳುವ ಹೆಂಗಸಾಗಿರಲಿಲ್ಲ ಅವರು. ಊರಿನ ಹೆಂಗಸರನ್ನು ಕಟ್ಟಿಕೊಂಡು ಸಾರಾಯಿಯ ವಿರುದ್ಧ ಬೀದಿಗಿಳಿದರು, ಆ ಹೋರಾಟಕ್ಕೂ ಹಾಡೇ ಅವರ ಕೈಯ ಆಯುಧ. ಓದು ಬರಹ ಇಲ್ಲದ ಅವರ ತಲೆಯಲ್ಲಿ ಸಾವಿರಾರು ಹಾಡು: ನೆಟ್ಟಿಯದು, ಭತ್ತ ಕುಟ್ಟುವುದು, ಮದುವೆಯದು, ತೊಟ್ಟಿಲಿನದು. ಆಕಾಶವಾಣಿಯವರು, ಜಾನಪದ ವಿದ್ವಾಂಸರು ಬಂದು ಎದುರಿಗೆ ಮೈಕ್ ಇಟ್ಟರು. 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರುವರಿಯಲ್ಲಿ ಅಜ್ಜಿ ಹೋದರು. ಅದಕ್ಕೆ ಎರಡು ತಿಂಗಳು ಮುಂಚೆ ಇದೇ ತಾಲ್ಲೂಕಿನ ಹೊನ್ನಳ್ಳಿಯ, ಗಿಡ ನೆಟ್ಟು ಕಾಡು ಬೆಳೆಸಿದ ತುಳಸಿ ಗೌಡರು ಹೋಗಿದ್ದರು. ಒಂದು ಚಳಿಗಾಲದೊಳಗೆ ನಮ್ಮೂರು ಇಬ್ಬರು ದೊಡ್ಡವರನ್ನು ಕಳೆದುಕೊಂಡಿತು.

ಹಾಲಕ್ಕಿ ಹೆಂಗಸರ ಹಾಡಿಗೆ ಮೈಕ್ ಇಡುವುದೇ ಒಂದು ವಿದ್ಯೆ. ಕಾಲರ್ ಮೈಕ್ ಸಿಕ್ಕಿಸುವಂತಿಲ್ಲ. ಕೊರಳ ತುಂಬ ಮಣಿಸರ, ಉಸಿರೆಳೆದರೂ ಮಣಿ ಮಣಿಗೆ ತಾಗಿ ಬಾಕ್ಸಿನಲ್ಲಿ ಕಟಕಟ ಸದ್ದು. ನಿಂತು ಹಾಡಿ ಎಂದರೆ ದನಿ ಬಿಗಿಯಾಗುತ್ತದೆ. ಚಾಪೆಯ ಮೇಲೆ ಒತ್ತೊತ್ತಾಗಿ ಕೂರಿಸಿ, ಸೊಲ್ಲೆತ್ತುವವಳ ಮುಂದೆ ಗಿಡ್ಡ ಸ್ಟ್ಯಾಂಡಿನಲ್ಲಿ ಒಂದು, ಸೊಲ್ಲು ತಿರುಗಿಸುವವರಿಗೆ ಆಚೆ ಈಚೆ ಒಂದೊಂದು ಮೈಕ್ ಇಡಬೇಕು. ಎಕೋ ಪೂರ್ತಿ ಬಂದ್. ಮುಂದಿನವಳ ಕೊನೆಯ ಅಕ್ಷರದ ಮೇಲೆಯೇ ಹಿಂದಿನವರು ಹತ್ತಿಕೊಳ್ಳುತ್ತಾರೆ, ಎಕೋ ಹಾಕಿದರೆ ಎರಡೂ ಕಲಸಿಹೋಗುತ್ತವೆ.

ಬೋ ಹುಡುಗನಿಗೂ ಬಡಗೇರಿ ಅಜ್ಜಿಗೂ ಎತ್ತಣ ಸಂಬಂಧ ಎಂದು ಕೇಳಿದವರಿದ್ದಾರೆ. ಒಬ್ಬ ಹೊಸದನ್ನು ಕಟ್ಟಿದ, ಒಬ್ಬರು ಹಳೆಯದನ್ನು ಕಾಪಾಡಿದರು, ನಿಜ. ಆದರೆ ಇಬ್ಬರೂ ತಮ್ಮ ಕೇರಿಯ ಮಾತನ್ನು ತಿದ್ದದೆ ವೇದಿಕೆಗೆ ತಂದರು. ಆ ಮಾತು ಶಾಲೆಯ ಪುಸ್ತಕಕ್ಕೆ ಲಾಯಕ್ಕಲ್ಲ ಎಂದವರ ಎದುರೇ ಅದರಲ್ಲಿ ಹಾಡಿದರು. ಮತ್ತೆ ಇಬ್ಬರಿಗೂ ಸರಿಯಾದ ಹೊತ್ತಿಗೆ ಒಬ್ಬರು ಯಂತ್ರದ ಮುಂದೆ ಜಾಗ ಬಿಟ್ಟುಕೊಟ್ಟರು. ಅಜ್ಜಿಯ ಮುಂದೆ ಮೈಕ್ ಬರುವಷ್ಟರಲ್ಲಿ ಅರ್ಧ ಆಯುಷ್ಯ ಕಳೆದಿತ್ತು. ಹುಡುಗನಿಗೆ ಹದಿಹರೆಯದಲ್ಲೇ ಸಿಕ್ಕಿತು. ನನಗೆ ಮುಖ್ಯವಾಗಿ ಕಾಣುವುದು ಈ ವ್ಯತ್ಯಾಸವೇ. ನಮ್ಮ ಕರಾವಳಿಯ ಹಾಲಕ್ಕಿ ಕೇರಿಯಲ್ಲಿ, ಘಟ್ಟದ ಸಿದ್ದಿ ಕೇರಿಯಲ್ಲಿ, ಮೀನುಗಾರರ ಕೇರಿಯಲ್ಲಿ, ಸೀಬರ್ಡ್ ನೌಕಾನೆಲೆಗಾಗಿ ಮನೆ ಬಿಟ್ಟು ಬಂದವರ ಕಾಲೊನಿಯಲ್ಲಿ ಹದಿನಾರರ ಮಕ್ಕಳಿದ್ದಾರೆ. ಅವರಿಗೆ ಮೈಕ್ ಯಾವಾಗ ಸಿಗಬೇಕು?

ನಮ್ಮ ನಾಡಿಗೆ ರ‍್ಯಾಪ್ ಹೊಸದೇನಲ್ಲ. ಬ್ರೋಧಾ ವಿ 2012ರಲ್ಲೇ ಬೆಂಗಳೂರಿನಿಂದ ‘ಆತ್ಮ ರಾಮ’ ತಂದಿದ್ದ. ಆಲ್ ಓಕೆ, ರಾಹುಲ್ ಡಿಟ್ಟೊ ಹಾಡುಗಳು ಕಾಲೇಜು ಹುಡುಗರ ಬಾಯಲ್ಲಿವೆ. ಚಂದನ್ ಶೆಟ್ಟಿ 2018ರಲ್ಲಿ ಬಿಗ್ ಬಾಸ್ ಗೆದ್ದ ಮೇಲಂತೂ ಅವನ ಹಾಡು ಹಾಕದ ಮದುವೆ ಮೆರವಣಿಗೆ ಇಲ್ಲ. ಮೆರವಣಿಗೆಗೆ ನಾನೂ ಹಾಕುತ್ತೇನೆ. ಆದರೆ ಮನಸ್ಸು ತುಂಬಿದ್ದು 2021ರ ‘ಸಲಗ’ ಚಿತ್ರದಲ್ಲಿ, ಚರಣ್ ರಾಜ್ ನಮ್ಮ ಸಿದ್ದಿ ಕಲಾವಿದರ ದನಿಯನ್ನು ಹಾಗೆಯೇ ಎತ್ತಿ ಹಾಡಿಗೆ ತಂದಾಗ. ರಾಜ್ಯದ ಮೂಲೆಮೂಲೆಯ ಮಕ್ಕಳು ಅದಕ್ಕೆ ಕುಣಿದರು. ನಮ್ಮ ಕಾಡಿನ ದನಿ ಬಾಕ್ಸಿನಲ್ಲಿ ಎಷ್ಟು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಪೆನ್‌ಡ್ರೈವ್ ತಂದ ಹುಡುಗ ಗಂಗಾವಳಿ ನದಿಯ ದಡದವನು. ಅವನೂ ಬರೆಯುತ್ತಾನೆ, ಮೊಬೈಲಿನಲ್ಲೇ ತಾಳ ಜೋಡಿಸುತ್ತಾನೆ. ಮೊದಮೊದಲು ಬರೆದದ್ದೆಲ್ಲ ಕಾರು, ಸರ, ಹುಡುಗಿ. ಅವನ ಬಳಿ ಸೈಕಲ್ ಬಿಟ್ಟರೆ ಬೇರೆ ಇಲ್ಲ. ನಾನು ಅವನಿಗೆ ತೋರಿಸಿದ್ದು ಸ್ಟಾರ್ಮ್‌ಜಿಯ ಒಂದು ವಿಡಿಯೊ. ಸ್ಟಾರ್ಮ್‌ಜಿ ದಕ್ಷಿಣ ಲಂಡನ್ನಿನ ಕ್ರಾಯ್ಡನ್ ಕಡೆಯವನು, 1993ರಲ್ಲಿ ಹುಟ್ಟಿದವನು, ಘಾನಾ ಮೂಲದ ತಾಯಿಯ ಮಗ. ಮುಂದೆ ಕೇಂಬ್ರಿಜ್‌ನಲ್ಲಿ ಓದುವ ಕರಿಯ ಮಕ್ಕಳಿಗೆ ವಿದ್ಯಾರ್ಥಿವೇತನ ಇಟ್ಟವನು, 2019ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದ ಮುಖ್ಯ ವೇದಿಕೆ ಆಳಿದವನು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಎಂಬ 24 ಮಹಡಿಯ ವಸತಿ ಕಟ್ಟಡ ಹೊತ್ತಿ ಉರಿದು 72 ಜನ ಸತ್ತರು. ಮುಂದಿನ ಫೆಬ್ರುವರಿಯಲ್ಲಿ ಬ್ರಿಟ್ ಪ್ರಶಸ್ತಿ ಸಮಾರಂಭ. ಟಿವಿಯಲ್ಲಿ ದೇಶವೇ ನೋಡುತ್ತಿರುವಾಗ ಸ್ಟಾರ್ಮ್‌ಜಿ, ಸಂತ್ರಸ್ತರ ಹಣ ಎಲ್ಲಿ ಎಂದು ಆಗಿನ ಪ್ರಧಾನಿ ತೆರೇಸಾ ಮೇ ಹೆಸರು ಹಿಡಿದು ಹಾಡಿನಲ್ಲೇ ಕೇಳಿದ.

ವಿಡಿಯೊ ಮುಗಿದ ಮೇಲೆ ಹುಡುಗ, “ಮಾಮಾ, ಶಿರೂರಿನ ಮೇಲೆ ಬರೀಲಾ?” ಅಂದ.

2024ರ ಜುಲೈ 16ರ ಬೆಳಗ್ಗೆ ನಮ್ಮ ತಾಲ್ಲೂಕಿನ ಶಿರೂರಿನ ಗುಡ್ಡ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಕುಸಿದು ಗಂಗಾವಳಿಗೆ ಬಿತ್ತು. ರಸ್ತೆ ಪಕ್ಕದ ಚಹಾದ ಅಂಗಡಿ, ಅಂಗಡಿಯ ಕುಟುಂಬ, ಲಾರಿ ನಿಲ್ಲಿಸಿದ್ದ ಚಾಲಕರು ಅದರಡಿ ಹೋದರು. ಆಚೆ ದಡದ ಉಳುವರೆಯಲ್ಲಿ ನದಿಯ ನೀರು ಎದ್ದು ಬಂದು ಮನೆಗಳನ್ನು ನೆಲಸಮ ಮಾಡಿತು. ಅವರಲ್ಲಿ ಕೇರಳದ ಚಾಲಕನೊಬ್ಬನ ಲಾರಿ ನದಿಯ ತಳದಿಂದ ಮೇಲೆ ಬಂದದ್ದು ಸೆಪ್ಟೆಂಬರಿನಲ್ಲಿ. ಇದರ ಮೇಲೆ ಪೇಪರಿನವರು ಬರೆದರು, ಟಿವಿಯವರು ದಿನವಿಡೀ ಕೂಗಿದರು. ಆ ನದಿಯ ನೀರು ಕುಡಿದು ಬೆಳೆದ ಮಗು ತನ್ನ ಬಾಯಿಂದ ಹೇಳಿದ್ದನ್ನು ಯಾರೂ ಕೇಳಿಲ್ಲ.

ತಾಳಕ್ಕೆ ಏನು ಎಂದಾಗ ಅವನಿಗೆ ಹೊಳೆದದ್ದು ಅಜ್ಜನ ಗುಮಟೆ. ಮಣ್ಣಿನ ಗಡಿಗೆ, ಒಂದು ಬಾಯಿಗೆ ಚರ್ಮ, ಇನ್ನೊಂದು ಬಾಯಿ ತೆರೆದದ್ದು. ಹಿಂದೆ ಉಡದ ಚರ್ಮ ಬಿಗಿಯುತ್ತಿದ್ದರು. ಕಾನೂನು ಬಂದ ಮೇಲೆ ಆಡಿನದು. ಬಲಗೈ ಚರ್ಮ ಬಡಿಯುತ್ತದೆ, ಎಡ ಅಂಗೈ ಹಿಂದಿನ ಬಾಯನ್ನು ಮುಚ್ಚಿ ತೆಗೆದು ಮಾಡುತ್ತದೆ, ಸದ್ದು ‘ಗುಂ’ ಎಂದು ಕೆಳಗಿಳಿದು ಮತ್ತೆ ಏರುತ್ತದೆ. ಲಂಡನ್ನಿನ ಹುಡುಗರು ಕಂಪ್ಯೂಟರಿನಲ್ಲಿ ಗುಂಡಿ ತಿರುಗಿಸಿ ತೆಗೆಯುವ ಬಾಸ್ ಇದೇ. ಚರ್ಮದ ಕಡೆ ಒಂದು ಮೈಕ್ ಗೇಣುದೂರದಲ್ಲಿ, ತೆರೆದ ಬಾಯಿಯ ಕಡೆ ಇನ್ನೊಂದನ್ನು ಸ್ವಲ್ಪ ಓರೆಯಾಗಿ ಇಟ್ಟೆ. ನೇರ ಇಟ್ಟರೆ ಗಾಳಿ ನುಗ್ಗಿ ಬಾಕ್ಸು ಹರಿದಂತೆ ಕೇಳುತ್ತದೆ. ರಸ್ತೆಯ ಲಾರಿ ಸದ್ದು ನಿಂತ ಮೇಲೆ, ನಡುರಾತ್ರಿಯ ಹೊತ್ತಿಗೆ, ಅಜ್ಜ ಸುಗ್ಗಿಯ ಪೆಟ್ಟು ಕೊಟ್ಟ. ಹುಡುಗ ಅದರಲ್ಲಿ ಎಂಟು ಪೆಟ್ಟು ಆರಿಸಿ, ವೇಗ ಹೆಚ್ಚಿಸಿ, ಸುತ್ತು ಕಟ್ಟಿದ.

ಸಾಹಿತ್ಯ ಹಾಲಕ್ಕಿ ಮಾತಿನಲ್ಲೇ ಇದೆ. ಬರೆದದ್ದನ್ನು ಮನೆಯಲ್ಲಿ ಓದಿದಾಗ ಅವನ ಅಜ್ಜಿ, “ತಮಾ, ನೀರು ಎಲ್ಲಿಂದ ಬಂತು ಅಂತ ಮೊದ್ಲು ಹೇಳು, ಅಳೂದು ಆಮೇಲೆ” ಎಂದಳಂತೆ. ಎರಡು ಸಾಲು ಹಿಂದೆ ಮುಂದೆ ಆದವು, ಹಾಡಿಗೆ ಜೀವ ಬಂತು. ಮೂರನೆಯ ಚರಣ ಬಾಕಿ ಇದೆ. ಹೆದ್ದಾರಿಗಾಗಿ ಗುಡ್ಡ ಕಡಿದದ್ದರ ಮಾತು ಅದರಲ್ಲಿ ಬರಬೇಕೆಂದು ಅವನ ಹಟ. ಬಾಯಿಗೆ ಬಂದದ್ದು ಹೇಳಬೇಡ, ತಾರೀಖು ಸಮೇತ ಹೇಳು ಎಂದು ನನ್ನ ಹಟ. ಅದಕ್ಕಾಗಿ ಅವನೀಗ ತಾಲ್ಲೂಕು ಗ್ರಂಥಾಲಯದಲ್ಲಿ ಹಳೆಯ ಪೇಪರು ತಿರುವುತ್ತಿದ್ದಾನೆ. ಸುಗ್ಗಿಗೆ ಮೊದಲು ಮುಗಿಸಿ ತಂದರೆ ಹಗರಣದ ದಿನ ನನ್ನ ನಾಲ್ಕು ಬಾಕ್ಸೂ ಅವನಿಗೆ, ಬಾಡಿಗೆ ಇಲ್ಲ.