ಮಳೆಗಾಲಕ್ಕೆ ಮುನ್ನ ಹಳೆಯ ಕಾರಿನ ಆರೈಕೆ

ಚೆನ್ನೈಯಲ್ಲಿ ನೆಲೆಸಿ ಎಷ್ಟು ವರ್ಷಗಳಾದರೂ ನಮ್ಮ ಮನೆಗಳಲ್ಲಿ ಆಯುಧಪೂಜೆ ತಪ್ಪಿಲ್ಲ. ಮಹಾನವಮಿಯಂದು ವಾಹನವನ್ನು ತೊಳೆದು, ಚೆಂಡುಹೂವಿನ ಹಾರ ಹಾಕಿ, ಚಕ್ರದಡಿ ನಿಂಬೆಹಣ್ಣು ಇಡುತ್ತೇವೆ. ಈ ಹಬ್ಬ ಬರುವ ಕಾಲವೂ ಅರ್ಥಪೂರ್ಣವಾದುದು. ತಮಿಳುನಾಡಿಗೆ ಈಶಾನ್ಯ ಮಾರುತದ ಮಳೆ ಸಾಮಾನ್ಯವಾಗಿ ಅಕ್ಟೋಬರ್ ಮೂರನೆಯ ವಾರದ ಹೊತ್ತಿಗೆ ಬರುತ್ತದೆ. ಆದುದರಿಂದ ಪೂಜೆಯ ಹಿಂದಿನ ದಿನವನ್ನೇ ವಾಹನದ ವಾರ್ಷಿಕ ತಪಾಸಣೆಗೆ ಮೀಸಲಿಡುವುದು ಲೇಸು.

ಹಳೆಯ ಕಾರುಗಳಿಗೂ ಈ ನಗರಕ್ಕೂ ನಂಟು ದೀರ್ಘವಾದುದು. ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು 1961ರಿಂದ ಇಲ್ಲಿಯ ವಂಡಲೂರಿನಲ್ಲಿ ತಯಾರಾಯಿತು. 1983ರಲ್ಲಿ ಬಂದ ಮಾರುತಿ 800 ಹಾಗೂ ಅದಕ್ಕೂ ಹಿಂದಿನ ಅಂಬಾಸಡರ್ ಕಾರುಗಳ ತಯಾರಿಕೆ 2014ರಲ್ಲಿ ನಿಂತಿತು. ಆದರೂ ಪುದುಪೇಟೆ ಮತ್ತು ಜನರಲ್ ಪ್ಯಾಟರ್ಸ್ ರಸ್ತೆಯ ಅಂಗಡಿಗಳ ದೆಸೆಯಿಂದ ಇಂತಹ ವಾಹನಗಳ ಒಡೆಯರು ಬಿಡಿಭಾಗಗಳಿಗಾಗಿ ಪೂರ್ತಿ ಕೈಚೆಲ್ಲಬೇಕಾಗಿಲ್ಲ. ಒಂದು ಎಚ್ಚರ ಮಾತ್ರ ಬೇಕು: ಬ್ರೇಕ್, ಸ್ಟೀರಿಂಗ್ ಮತ್ತು ಟೈರುಗಳಿಗೆ ಸಂಬಂಧಿಸಿದ ಯಾವ ವಸ್ತುವನ್ನೂ ಬಳಸಿದ ಸ್ಥಿತಿಯಲ್ಲಿ ಕೊಳ್ಳಬಾರದು.

ಇಲ್ಲಿಯ ಹವೆ ವಾಹನಕ್ಕೆ ಮೂರು ಬಗೆಯಲ್ಲಿ ಶತ್ರು. ಉರಿಬಿಸಿಲು ರಬ್ಬರನ್ನೂ ಬ್ಯಾಟರಿಯನ್ನೂ ಬೇಗ ಸವೆಸುತ್ತದೆ. ಕಡಲಿನ ಉಪ್ಪುಗಾಳಿ ತಗಡನ್ನು ತಿನ್ನುತ್ತದೆ. ಗಾಳಿಯ ತೇವ ವಿದ್ಯುತ್ ಜೋಡಣೆಗಳನ್ನು ಕೆಡಿಸುತ್ತದೆ. ಮನೆಯಲ್ಲೇ ಮಾಡಬಹುದಾದ ಕೆಲಸಗಳು ಈ ಮೂರನ್ನೂ ಎದುರಿಸುವಂತಿರಬೇಕು.

ಮೊದಲನೆಯದು ಬ್ಯಾಟರಿ. ತುದಿಗಳಲ್ಲಿ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಅಡುಗೆ ಸೋಡಾ ಬೆರೆಸಿದ ನೀರಿನಿಂದ ಒರೆಸಿ, ಒಣಗಿಸಿ, ವ್ಯಾಸಲೀನ್ ಸವರಬೇಕು. ಬಿಚ್ಚುವಾಗ ಮೊದಲು ನೆಗೆಟಿವ್, ಜೋಡಿಸುವಾಗ ಕೊನೆಗೆ ನೆಗೆಟಿವ್ ಎಂಬುದು ನಿಯಮ. ನೀರು ತುಂಬುವ ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ಹೊರತು ಬೇರೆ ನೀರು ಸಲ್ಲದು. ರೇಡಿಯೇಟರಿಗೂ ಕೊಳವೆಬಾವಿಯ ನೀರು ಹಿತವಲ್ಲ. ಅದರ ಲವಣಗಳು ಒಳಗೆ ಪದರ ಕಟ್ಟಿ ಎಂಜಿನ್ ಕಾಯಲು ಕಾರಣವಾಗುತ್ತವೆ. ತಯಾರಕರು ಸೂಚಿಸಿದ ಕೂಲೆಂಟನ್ನೇ ಬಳಸಬೇಕು. ಎಂಜಿನ್ ಬಿಸಿಯಿರುವಾಗ ರೇಡಿಯೇಟರಿನ ಮುಚ್ಚಳವನ್ನು ಎಂದಿಗೂ ತೆರೆಯಬಾರದು.

ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ತೇವ ಸೇರಿದಂತೆ ಅದರ ಕುದಿಯುವ ಮಟ್ಟ ಇಳಿಯುತ್ತದೆ. ಇಳಿಜಾರಿನಲ್ಲಿ ಪದೇ ಪದೇ ಬ್ರೇಕ್ ಒತ್ತಿದಾಗ ಒಳಗೆ ಆವಿಯುಂಟಾಗಿ ಪೆಡಲು ಸಡಿಲವಾಗಬಹುದು. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಇದನ್ನು ಗ್ಯಾರೇಜಿನಲ್ಲಿ ಬದಲಿಸಬೇಕು. ಹೊಸೂರು ದಾರಿಯಾಗಿ ಊರಿಗೆ ಹೊರಡುವ ಕುಟುಂಬಗಳು ಇದನ್ನು ಕಡೆಗಣಿಸಲಾಗದು. ಟೈರು ನೋಡಲು ಚೆನ್ನಾಗಿದ್ದ ಮಾತ್ರಕ್ಕೆ ಗಟ್ಟಿಯೆನ್ನುವಂತಿಲ್ಲ. ಅದರ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ: 2319 ಎಂದಿದ್ದರೆ 2019ರ 23ನೆಯ ವಾರದ ತಯಾರಿಕೆ ಎಂದರ್ಥ. ಸ್ಟೆಪ್ನಿಯನ್ನೂ ಹೀಗೆಯೇ ಪರೀಕ್ಷಿಸಬೇಕು.

ಈಗ ಬಂಕುಗಳಲ್ಲಿ ದೊರೆಯುವ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಬೆರೆತಿದೆ. ಅದಕ್ಕೆಂದು ರೂಪಿಸದ ಹಳೆಯ ರಬ್ಬರ್ ಕೊಳವೆಗಳು ಮೆತ್ತಗಾಗಿ ಬಿರುಕು ಬಿಡಬಹುದು. ಬಾನೆಟ್ ತೆರೆದಾಗ ಪೆಟ್ರೋಲಿನ ವಾಸನೆ ಬಂದರೆ ಅದೇ ದಿನ ಕೊಳವೆ ಬದಲಿಸಬೇಕು; ತಡಮಾಡಿದರೆ ಬೆಂಕಿಯ ಭಯವಿದೆ. ಮಳೆಯ ಬೆಳಿಗ್ಗೆ ಹಳೆಯ ಕಾರು ಸ್ಟಾರ್ಟ್ ಆಗದಿದ್ದರೆ ಇಗ್ನಿಷನ್ ಆಫ್ ಮಾಡಿ, ಡಿಸ್ಟ್ರಿಬ್ಯೂಟರ್ ಮುಚ್ಚಳವನ್ನು ತೆಗೆದು ಒಣಬಟ್ಟೆಯಿಂದ ಒರೆಸಿ ನೋಡಬಹುದು. ಬಾಗಿಲುಗಳ ತಳದಲ್ಲಿರುವ ನೀರು ಹೋಗುವ ರಂಧ್ರಗಳನ್ನು ಕಡ್ಡಿಯಿಂದ ಬಿಡಿಸುವುದು ಐದು ನಿಮಿಷದ ಕೆಲಸ. ತುಕ್ಕು ಹಿಡಿದ ಬಾಗಿಲನ್ನು ಸರಿಪಡಿಸುವುದು ಸಾವಿರಾರು ರೂಪಾಯಿಯ ಕೆಲಸ.

ಮನೆಯ ಕೆಲಸಕ್ಕೆ ಮಿತಿಯೂ ಉಂಟು. ಬರೀ ಜಾಕಿಯ ಮೇಲೆ ನಿಂತ ಕಾರಿನ ಕೆಳಗೆ ಯಾರೂ ನುಸುಳಬಾರದು. ಬದಲಿಸಿದ ಎಂಜಿನ್ ಆಯಿಲನ್ನು ಚರಂಡಿಗೆ ಸುರಿಯದೆ ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿಗೆ ಒಪ್ಪಿಸಬೇಕು.

ಇನ್ನು ಪ್ರವಾಹದ ಮಾತು. 2015ರ ಡಿಸೆಂಬರಿನ ಮಹಾಪೂರದಲ್ಲೂ 2023ರ ಡಿಸೆಂಬರಿನ ಮಿಚಾಂಗ್ ಚಂಡಮಾರುತದಲ್ಲೂ ನಗರದ ಅಸಂಖ್ಯ ವಾಹನಗಳು ಮುಳುಗಿದವು. 2024ರ ಅಕ್ಟೋಬರಿನಲ್ಲಿ ಮಳೆಯ ಮುನ್ಸೂಚನೆ ಬಂದೊಡನೆ ಜನರು ವೇಳಚ್ಚೇರಿ ಮೇಲ್ಸೇತುವೆಯ ಮೇಲೆ ಕಾರುಗಳನ್ನು ಸಾಲಾಗಿ ನಿಲ್ಲಿಸಿದ್ದು ಆ ಅನುಭವದ ಫಲವೇ. ನೀರಿನಲ್ಲಿ ನಿಂತ ಕಾರನ್ನು, ನೀರು ಇಳಿದ ಮೇಲೂ, ಸ್ಟಾರ್ಟ್ ಮಾಡಕೂಡದು. ಗಾಳಿಯನ್ನು ಒತ್ತಿ ಕುಗ್ಗಿಸುವ ಪಿಸ್ಟನ್ನು ನೀರನ್ನು ಕುಗ್ಗಿಸಲಾರದು; ಆ ರಭಸಕ್ಕೆ ಒಳಗಿನ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಹಾಳಾಗುತ್ತದೆ. ಬ್ಯಾಟರಿ ಬಿಚ್ಚಿ, ಡಿಪ್‌ಸ್ಟಿಕ್ ಎಳೆದು ನೋಡಬೇಕು. ಆಯಿಲು ಹಾಲು ಬೆರೆತ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದು ತಿಳಿಯಬೇಕು. ಆಯಿಲು ಸರಿಯಾಗಿ ಕಂಡರೂ ವಾಹನವನ್ನು ಎಳೆಸಿಕೊಂಡೇ ಗ್ಯಾರೇಜಿಗೆ ಒಯ್ಯುವುದು ಕ್ಷೇಮ.

ಕಾಗದಪತ್ರಗಳೂ ಆರೈಕೆಯ ಭಾಗವೇ. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಅನಂತರ ತಪಾಸಣೆಗೆ ಒಳಪಡಿಸಿ 5 ವರ್ಷಗಳಿಗೊಮ್ಮೆ ನವೀಕರಿಸಬೇಕು. ಕರ್ನಾಟಕದಲ್ಲಿ ನೋಂದಾಯಿಸಿದ ವಾಹನವನ್ನು ಇಲ್ಲಿ 12 ತಿಂಗಳಿಗೂ ಹೆಚ್ಚು ಕಾಲ ಇರಿಸಿಕೊಳ್ಳುವವರು ಇಲ್ಲಿಯ ನೋಂದಣಿ ಸಂಖ್ಯೆ ಪಡೆಯಬೇಕೆಂಬುದು ಮೋಟಾರು ವಾಹನ ಕಾಯ್ದೆಯ ನಿಯಮ. ಅದಕ್ಕೆ ಮೂಲ ಆರ್‌ಟಿಓ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕಾಗುತ್ತದೆ.

ತಂದೆಯವರು ಕೊಂಡ ಕಾರನ್ನು ಮಗ ಮಗಳು ಇಂದಿಗೂ ಓಡಿಸುವ ಮನೆಗಳು ನಮ್ಮಲ್ಲಿವೆ. ಆ ಪ್ರೀತಿ ಉಳಿಯಲಿ. ಅದರಲ್ಲಿ ಕುಳಿತು ಊರಿಗೆ ಹೊರಡುವ ಮಕ್ಕಳೂ ಹಿರಿಯರೂ ಸುಖವಾಗಿ ತಲುಪಬೇಕಾದರೆ, ಹಾರ ಹಾಕುವ ಮುನ್ನ ಬಾನೆಟ್ ತೆರೆದು ನೋಡುವ ಪದ್ಧತಿಯೂ ಮನೆಯಲ್ಲಿ ಬೆಳೆಯಲಿ.