ಎತ್ತರಿಸಿದ ಗಾಡಿಯ ಮುಂಭಾಗದ ಸದ್ದು

ಹಿಂದೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಬಂಡಿ ಹೂಡಿಕೊಂಡು ಹೋಗುತ್ತಿದ್ದ ರೈತನು, ಗಾಲಿಯ ಸದ್ದು ಬದಲಾದೊಡನೆ ಕೆಳಗಿಳಿದು ನೋಡುತ್ತಿದ್ದನು. ಕೀಲೆಣ್ಣೆ ಒಣಗಿದ ಸದ್ದು ಒಂದು ಬಗೆ. ಕಡಾಣಿ ಸಡಿಲಿದ ಸದ್ದು ಇನ್ನೊಂದು ಬಗೆ. ಅವನಿಗೆ ಕಿವಿಯೇ ಮೊದಲ ಉಪಕರಣವಾಗಿದ್ದಿತು. ಇಂದು ಭಾನುವಾರದ ಬೆಳಗ್ಗೆ ಬೆಂಗಳೂರಿನಿಂದ ಮಾಕಳಿದುರ್ಗದ ಕಡೆಗೋ ಶಿವಗಂಗೆಯ ಕಡೆಗೋ ಹೊರಡುವ ಜೀಪಿನ ಜಾತಿಯ ಗಾಡಿಗಳಿಗೂ ಈ ಮಾತು ಒಪ್ಪುವುದು. ಇವುಗಳಲ್ಲಿ ಅನೇಕವನ್ನು, ಕಲ್ಲು ತಗಲದಿರಲೆಂದು, ಒಡೆಯರು ಎರಡು ಅಂಗುಲ, ಅಂದರೆ ಸುಮಾರು 50 ಮಿಲಿಮೀಟರು, ಎತ್ತರಿಸಿರುತ್ತಾರೆ. ಅನಂತರ ಮುಂಭಾಗದಲ್ಲಿ ಒಂದು ಸದ್ದು ಹುಟ್ಟುತ್ತದೆ. ಅದರ ಮೂಲವನ್ನು ಅರಸುವ ಕ್ರಮವೇ ನಮ್ಮ ಇಂದಿನ ವಿಷಯ.

ಮೊದಲು, ಎತ್ತರಿಸುವುದರಿಂದ ಆಗುವುದೇನು ಎಂಬುದನ್ನು ತಿಳಿಯಬೇಕು. 1985ರಲ್ಲಿ ಬಂದ ಮಾರುತಿ ಜಿಪ್ಸಿಯಲ್ಲಿಯೂ 2023ರಲ್ಲಿ ನಮ್ಮ ದೇಶದ ಮಾರುಕಟ್ಟೆಗೆ ಬಂದ ಜಿಮ್ನಿಯಲ್ಲಿಯೂ ಮುಂದಿನ ಎರಡು ಚಕ್ರಗಳನ್ನು ಒಂದೇ ಗಟ್ಟಿ ಅಚ್ಚು ಕೂಡಿಸುತ್ತದೆ. 2020ರ ಮಹೀಂದ್ರ ಥಾರ್ ಗಾಡಿಯಲ್ಲಿ ಮುಂದಿನ ಚಕ್ರಗಳು ಬೇರೆಬೇರೆಯಾಗಿ ಏರಿಳಿಯುತ್ತವೆ. ಗಟ್ಟಿ ಅಚ್ಚಿನ ಗಾಡಿಯನ್ನು ಎತ್ತರಿಸಿದಾಗ ಚೌಕಟ್ಟು ಮೇಲೇರುವುದು. ಅಚ್ಚು ಕೆಳಗೇ ಉಳಿಯುವುದು. ಇವೆರಡನ್ನೂ ಸೇರಿಸುವ ಪ್ರೊಪೆಲರ್ ಶಾಫ್ಟು ಹೆಚ್ಚು ಓರೆಯಾಗುವುದು. ಓರೆಯಾಗಿ ತಿರುಗುವ ಯೂನಿವರ್ಸಲ್ ಜಾಯಿಂಟು ಪ್ರತಿ ಸುತ್ತಿಗೂ ಎರಡು ಬಾರಿ ವೇಗವನ್ನು ಹೆಚ್ಚಿಸಿ ತಗ್ಗಿಸುತ್ತದೆ. ಶಾಫ್ಟಿನ ಎರಡು ತುದಿಗಳ ಕೋನಗಳೂ ಸಮನಾಗಿದ್ದರೆ ಒಂದರ ದೋಷವನ್ನು ಇನ್ನೊಂದು ನೀಗುವುದು. ಇಲ್ಲವಾದರೆ ನಡುಕವೂ ಗುಂಯ್ಗುಡುವಿಕೆಯೂ ತಪ್ಪವು. ಬೇರೆಬೇರೆ ಚಕ್ರದ ಗಾಡಿಯಲ್ಲಾದರೋ, ಚಕ್ರಕ್ಕೆ ಬಲವೊಯ್ಯುವ ಅಡ್ಡ ಶಾಫ್ಟುಗಳ ಕೀಲುಗಳೂ ಬಾಲ್ ಜಾಯಿಂಟುಗಳೂ ತಮ್ಮ ಮಿತಿಯ ಅಂಚಿನಲ್ಲಿ ದುಡಿಯಬೇಕಾಗುತ್ತದೆ.

ಎರಡನೆಯದಾಗಿ, ಸದ್ದು ಎಲ್ಲಿಂದ ಬಂತೆಂದು ಕೇಳುವುದಕ್ಕಿಂತ ಯಾವಾಗ ಬಂತೆಂದು ಕೇಳುವುದು ಮೇಲು. ಉಕ್ಕಿನ ಚೌಕಟ್ಟಿನ ಮೂಲಕ ಸದ್ದು ಹರಿದು ಬರುವುದರಿಂದ, ಎಡಗಡೆ ಕೇಳಿದ್ದು ಬಲಗಡೆ ಹುಟ್ಟಿರಬಹುದು. ಡಾಂಬರಿನಿಂದ ಕಾಂಕ್ರೀಟಿಗೆ ಹತ್ತಿದೊಡನೆ ಸ್ವರ ಬದಲಾದರೆ ಅದು ಒರಟು ಟೈರಿನ ಸದ್ದು. ರಸ್ತೆ ಬಲಕ್ಕೆ ಬಾಗಿದಾಗ ಗೊರಗೊರ ಹೆಚ್ಚಿದರೆ, ಭಾರ ಬಿದ್ದ ಎಡ ಚಕ್ರದ ಬೇರಿಂಗನ್ನು ಸಂಶಯಿಸಬೇಕು. ಪೂರ್ತಿ ತಿರುಗಿಸಿ ನಿಧಾನವಾಗಿ ಸಾಗುವಾಗ ಟಿಕ್ ಟಿಕ್ ಎಂದರೆ ಚಕ್ರದ ಬಳಿಯ ಕೀಲು ಸವೆದಿರಬಹುದು. ವೇಗದ ಪೆಡಲನ್ನು ಒತ್ತಿದಾಗಲೂ ಬಿಟ್ಟಾಗಲೂ ಠಣ್ ಎಂದರೆ ಪ್ರೊಪೆಲರ್ ಶಾಫ್ಟಿನ ಜಾಯಿಂಟನ್ನು ನೋಡಬೇಕು. ಹಂಪಿನ ಮೇಲೆ ಧಡ್ ಎಂದರೆ ಬುಷ್ಷುಗಳ ಸರದಿ.

ಮೂರನೆಯದು ಕೈಯ ಪರೀಕ್ಷೆ. ಗಾಡಿಯನ್ನು ಸಮನೆಲದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಮುಂಭಾಗವನ್ನು ಭದ್ರವಾದ ಸ್ಟ್ಯಾಂಡಿನ ಮೇಲಿಡಬೇಕು; ಬರಿಯ ಜಾಕಿಯನ್ನು ನಂಬಿ ಯಾರೂ ಕೆಳಗೆ ಹೋಗಕೂಡದು. ಚಕ್ರದ ಮೇಲ್ತುದಿ ಕೆಳತುದಿಗಳನ್ನು ಹಿಡಿದು ಅಲ್ಲಾಡಿಸಿದಾಗ ಸಡಿಲ ಕಂಡರೆ, ಇನ್ನೊಬ್ಬರು ಬ್ರೇಕನ್ನು ತುಳಿಯಲಿ. ಆಗ ಸಡಿಲ ಮಾಯವಾದರೆ ದೋಷ ಬೇರಿಂಗಿನದು. ಉಳಿದರೆ ಬಾಲ್ ಜಾಯಿಂಟಿನದು ಅಥವಾ ಕಿಂಗ್‌ಪಿನ್ನಿನದು. ಎಡಬಲ ಅಂಚುಗಳನ್ನು ಹಿಡಿದಾಗ ಮಾತ್ರ ಸಡಿಲವಿದ್ದರೆ ಸ್ಟಿಯರಿಂಗಿನ ಟೈ ರಾಡ್ ತುದಿಗಳನ್ನು ನೋಡಬೇಕು. ಮುಂದಿನ ಚಕ್ರಗಳ ಹಬ್ಬನ್ನು ಬಿಡಿಸುವ ಏರ್ಪಾಡಿರುವ ಗಾಡಿಗಳಲ್ಲಿ ಇನ್ನೊಂದು ಸುಲಭೋಪಾಯವುಂಟು: ಹಬ್ಬನ್ನು ಬಿಡಿಸಿ ಎರಡು ಚಕ್ರದ ಬಲದಿಂದ ಓಡಿಸಿದರೆ ಮುಂದಿನ ಶಾಫ್ಟು ನಿಲ್ಲುವುದು. ಅದರೊಡನೆ ಸದ್ದೂ ನಿಂತರೆ ಅರ್ಧ ಶೋಧನೆ ಮುಗಿದಂತೆಯೇ.

ನಮ್ಮ ಅನುಭವವೊಂದನ್ನು ಹೇಳಬಹುದು. ಸುರುಳಿ ಸ್ಪ್ರಿಂಗಿನ, ಗಟ್ಟಿ ಅಚ್ಚಿನ ಗಾಡಿಯೊಂದನ್ನು ನಾವು ಎತ್ತರಿಸಿಕೊಂಡೆವು. ದೊಡ್ಡಬಳ್ಳಾಪುರದ ದಾರಿಯ ಪ್ರತಿ ಹಂಪಿನಲ್ಲಿಯೂ ಧಡ್ ಎಂಬ ಸದ್ದು. ಮೊದಲು ಬೇರಿಂಗು ಬದಲಾಯಿತು. ಆಮೇಲೆ ಟೈ ರಾಡ್ ತುದಿಗಳು. ಹಣ ಹೋಯಿತು, ಸದ್ದು ಹೋಗಲಿಲ್ಲ. ಕೊನೆಗೆ ಗಾಡಿಯನ್ನು ನೆಲದ ಮೇಲೆಯೇ ನಿಲ್ಲಿಸಿ, ಕೈಬ್ರೇಕು ಹಾಕಿ, ಎಂಜಿನನ್ನು ನಡೆಸುತ್ತ ಮಿತ್ರರೊಬ್ಬರು ಸ್ಟಿಯರಿಂಗನ್ನು ಎಡಕ್ಕೂ ಬಲಕ್ಕೂ ಸ್ವಲ್ಪಸ್ವಲ್ಪ ಆಡಿಸಿದರು. ನಾವು ಪಕ್ಕದಲ್ಲಿ ಕುಳಿತು ನೋಡಿದೆವು. ಅಚ್ಚನ್ನು ಪಕ್ಕಕ್ಕೆ ಸರಿಯದಂತೆ ಹಿಡಿದಿಡುವ ಪ್ಯಾನ್‌ಹಾರ್ಡ್ ಸಲಾಕೆಯ ತುದಿ ತನ್ನ ಬೋಲ್ಟಿನ ಸುತ್ತ ಕುಣಿಯುತ್ತಿತ್ತು! ಬಿಚ್ಚಿ ನೋಡಿದರೆ ರಬ್ಬರು ಬುಷ್ಷು ಹರಿದು, ದುಂಡಗಿರಬೇಕಾದ ತೂತು ಅಂಡಾಕಾರವಾಗಿತ್ತು.

ಕಾರಣವು ಸರಳವಾದುದು. ಎತ್ತರಿಸುವಾಗ ಚಕ್ರಗಳು ನೇತಾಡುತ್ತಿರುವಂತೆಯೇ ಬೋಲ್ಟನ್ನು ಬಿಗಿದಿದ್ದರು. ಗಾಡಿಯ ಭಾರ ಚಕ್ರಗಳ ಮೇಲೆ ಬಂದೊಡನೆ ರಬ್ಬರು ಹುರಿಗೊಂಡು, ಹಾಗೆಯೇ ಹುರಿಗೊಂಡು ದುಡಿದು ಹರಿಯಿತು. ಇಂತಹ ರಬ್ಬರು ಬುಷ್ಷುಗಳ ಬೋಲ್ಟನ್ನು ಗಾಡಿ ತನ್ನ ಕಾಲ ಮೇಲೆ ನಿಂತ ಬಳಿಕವೇ ಕೊನೆಯ ಬಿಗಿ ಬಿಗಿಯತಕ್ಕದ್ದು. ಬಿಗಿದ ಮೇಲೆ ನಟ್ಟಿನಿಂದ ಲೋಹಕ್ಕೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಗೆರೆ ಮುರಿದ ದಿನ ಸಡಿಲವೂ ಕಣ್ಣಿಗೆ ಕಾಣುವುದು.

ಆ ಬೋಲ್ಟು ನೆಲಮಂಗಲದ ಹೆದ್ದಾರಿಯಲ್ಲಿ ತುಂಡಾಗಿದ್ದರೆ ಅಚ್ಚು ಪಕ್ಕಕ್ಕೆ ಸರಿದು, ಸ್ಟಿಯರಿಂಗು ಹಿಡಿತ ತಪ್ಪುತ್ತಿತ್ತು. ಅಪಾಯ ನಮ್ಮೊಬ್ಬರದಾಗಿಯೇ ಉಳಿಯುತ್ತಿರಲಿಲ್ಲ. ನೋಂದಣಿ ಪತ್ರದ ವಿವರಗಳು ತಯಾರಕರು ಗೊತ್ತುಮಾಡಿದುದಕ್ಕೆ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ವಿಧಿಸಿರುವುದನ್ನೂ, 2019ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನೇ ಎತ್ತಿಹಿಡಿದುದನ್ನೂ ಗಾಡಿ ಎತ್ತರಿಸಬಯಸುವವರು ಮೊದಲೇ ವಿಚಾರಿಸಿಕೊಳ್ಳುವುದು ವಿವೇಕ.

ಸದ್ದು ಜೋರಾದುದರಿಂದಲೇ ದೋಷ ದೊಡ್ಡದೆಂದಾಗಲಿ, ಮೆಲ್ಲಗಾದುದರಿಂದಲೇ ಸಣ್ಣದೆಂದಾಗಲಿ ತಿಳಿಯಬಾರದು. ಟೈರು ದಿನವೆಲ್ಲ ಗೋಳಿಟ್ಟರೂ ಅಪಾಯವಿಲ್ಲದಿರಬಹುದು. ಬಾಲ್ ಜಾಯಿಂಟು ಒಮ್ಮೆ ಕಟಕ್ಕೆಂದು ಸುಮ್ಮನಾಗಿ, ಮರುದಿನ ಚಕ್ರವನ್ನೇ ಕಳಚಬಹುದು. ಆದಕಾರಣ ರೇಡಿಯೋವಿನ ಸ್ವರವನ್ನೇರಿಸಿ ಆ ಸದ್ದನ್ನು ಮುಳುಗಿಸದೆ, ಬಂಡಿಯ ರೈತನಂತೆ ಗಾಡಿ ನಿಲ್ಲಿಸಿ, ಇಳಿದು, ನೋಡಬೇಕೆಂದು ನಮ್ಮ ವಿಜ್ಞಾಪನೆ.