ಉಷ್ಣಮಾಪಕದ ಮುಳ್ಳು ಹೇಳುವುದೇನು?

ಬೇಸಗೆಯ ದಿನಗಳಲ್ಲಿ ಸೋಮೇಶ್ವರದಿಂದ ಆಗುಂಬೆಯ ಘಾಟಿ ಏರುವಾಗ, ತಿರುವಿನ ಬದಿಗೆ ಬಾನೆಟ್ಟು ತೆರೆದು ನಿಂತ ಕಾರನ್ನು ನೀವು ಕಂಡಿರಬಹುದು. ಚಾಲಕನನ್ನು ವಿಚಾರಿಸಿದರೆ, "ಇದ್ದಕ್ಕಿದ್ದ ಹಾಗೆ ಕುದಿದುಬಿಟ್ಟಿತು" ಎನ್ನುತ್ತಾನೆ. ಎಂಜಿನ್ನು ಇದ್ದಕ್ಕಿದ್ದ ಹಾಗೆ ಕುದಿಯುವುದು ಅಪರೂಪ. ಎದುರಿನ ಹಲಗೆಯಲ್ಲಿರುವ ಉಷ್ಣಮಾಪಕದ ಮುಳ್ಳು ಬಹುಮಟ್ಟಿಗೆ ಮೊದಲೇ ಸೂಚನೆ ಕೊಟ್ಟಿರುತ್ತದೆ. ಅದನ್ನು ಓದುವ ಬಗೆ ಹೇಗೆಂದು ನೋಡೋಣ.

ಪೆಟ್ರೋಲು ಉರಿದು ಹುಟ್ಟುವ ಶಾಖದಲ್ಲಿ ಸುಮಾರು ಮೂರರಲ್ಲೊಂದು ಪಾಲನ್ನು ತಂಪುಗೊಳಿಸುವ ನೀರು ಹೊತ್ತುಕೊಂಡು ಹೋಗಬೇಕು. ಪಂಪು ಆ ನೀರನ್ನು ಎಂಜಿನ್ನಿನೊಳಗೆ ಓಡಿಸುತ್ತದೆ. ರೇಡಿಯೇಟರಿನಲ್ಲಿ ಗಾಳಿ ಅದನ್ನು ಆರಿಸುತ್ತದೆ. ೧೯೧೦ರ ದಶಕದಲ್ಲಿ ಬಾಯ್ಸ್ ಮೋಟೋಮೀಟರ್ ಎಂಬ ಉಷ್ಣಮಾಪಕವನ್ನು ರೇಡಿಯೇಟರಿನ ಮುಚ್ಚಳದ ಮೇಲೆಯೇ ಕೂಡಿಸುತ್ತಿದ್ದರು. ಚಾಲಕನು ಕುಳಿತಲ್ಲಿಂದಲೇ ಕಣ್ಣು ಕಿರಿದು ಮಾಡಿ ಅದನ್ನು ಓದಬೇಕಾಗಿತ್ತು. ಈಗ ನೀರಿನ ದಾರಿಯಲ್ಲಿ ಒಂದು ಪುಟ್ಟ ಸೆನ್ಸರ್ ಇರುತ್ತದೆ. ಬಿಸಿ ಏರಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ, ಅದಕ್ಕೆ ತಕ್ಕಂತೆ ಮುಳ್ಳು ಏಳುತ್ತದೆ. ಎಂದರೆ, ಮುಳ್ಳು ತೋರಿಸುವುದು ಸೆನ್ಸರನ್ನು ತಾಗಿದ ನೀರಿನ ಬಿಸಿಯನ್ನೇ ಹೊರತು ಎಂಜಿನ್ನಿನ ಬಿಸಿಯನ್ನಲ್ಲ. ಈ ಭೇದ ಮುಂದೆ ನಮಗೆ ಬೇಕಾಗುತ್ತದೆ.

ಎಂಜಿನ್ನು ತಣ್ಣಗಿದ್ದಷ್ಟೂ ಒಳ್ಳೆಯದೆಂಬ ನಂಬಿಕೆ ಸರಿಯಲ್ಲ. ಥರ್ಮೋಸ್ಟಾಟ್ ಎಂಬ ಕವಾಟವು ಸಾಧಾರಣವಾಗಿ ೮೨ರಿಂದ ೯೦ ಡಿಗ್ರಿ ಸೆಂಟಿಗ್ರೇಡಿನಲ್ಲಿ ತೆರೆದುಕೊಂಡು ಆಮೇಲೆಯೇ ನೀರನ್ನು ರೇಡಿಯೇಟರಿಗೆ ಬಿಡುತ್ತದೆ. ಮಡಿಕೇರಿಯ ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು ೯೬ ಡಿಗ್ರಿಗೇ ಕುದಿಯುವುದೆಂಬುದನ್ನು ನೆನೆದರೆ, ಉಳಿದ ಅಂತರ ಎಷ್ಟು ಕಿರಿದೆಂಬುದು ತಿಳಿದೀತು. ಈ ಅಂತರವನ್ನು ಹಿಗ್ಗಿಸುವುದು ಮುಚ್ಚಳ. ಅದು ಸುಮಾರು ಒಂದು ವಾಯುಭಾರದಷ್ಟು ಒತ್ತಡವನ್ನು ಹಿಡಿದಿಟ್ಟರೆ ನೀರು ೧೨೦ ಡಿಗ್ರಿಯ ಸುಮಾರಿನವರೆಗೆ ಕುದಿಯದು. ಮುಚ್ಚಳದ ರಬ್ಬರು ಸವೆದರೆ ಈ ಲಾಭವೆಲ್ಲ ಹೋಯಿತು. ಅಗ್ಗದ ಸಾಮಾನೆಂದು ಯಾರೂ ಅದರ ಕಡೆ ನೋಡುವುದಿಲ್ಲ.

ಮುಳ್ಳು ಏರಿತೆಂಬುದಕ್ಕಿಂತ ಯಾವಾಗ ಏರಿತೆಂಬುದು ಮುಖ್ಯ. ಊರೊಳಗೆ ಸಿಗ್ನಲ್ಲಿನಲ್ಲಿ ನಿಂತಾಗ ಏರಿ, ಗಾಡಿ ಓಡತೊಡಗಿದೊಡನೆ ಇಳಿದರೆ ಸಂಶಯ ಫ್ಯಾನಿನ ಮೇಲೆ: ಅದರ ಮೋಟಾರು, ಫ್ಯೂಸು, ಹಳೆಯ ಗಾಡಿಯಾದರೆ ಬೆಲ್ಟು. ಇದಕ್ಕೆ ವ್ಯತಿರಿಕ್ತವಾಗಿ, ನಿಂತಾಗ ಸರಿಯಿದ್ದು ಹೆದ್ದಾರಿಯ ವೇಗದಲ್ಲಿ ಇಲ್ಲವೆ ಭಾರ ಹೊತ್ತು ಏರುವಾಗ ಮುಳ್ಳು ಮೇಲೆ ಹೋದರೆ, ರೇಡಿಯೇಟರಿನ ಕೊಳವೆಗಳು ಕಟ್ಟಿಕೊಂಡಿರಬಹುದು, ಪಂಪು ಸೋತಿರಬಹುದು. ಗಡುಸು ನೀರನ್ನೇ ವರ್ಷಗಟ್ಟಲೆ ತುಂಬಿಸಿದ ಗಾಡಿಗಳಲ್ಲಿ ಇದು ಸಾಮಾನ್ಯ. ಬೆಳಗ್ಗೆ ಹೊರಟ ಕೆಲವೇ ನಿಮಿಷಗಳಲ್ಲಿ ಮುಳ್ಳು ಕೆಂಪು ಮುಟ್ಟಿದರೆ ಥರ್ಮೋಸ್ಟಾಟ್ ಮುಚ್ಚಿಕೊಂಡೇ ಉಳಿದಿರಬಹುದು. ಎಷ್ಟು ದೂರ ಹೋದರೂ ಏಳದಿದ್ದರೆ ಅದು ತೆರೆದೇ ನಿಂತಿರಬಹುದು. ಕೆಳಗೆ ಒಂದು ಹನಿಯೂ ಬೀಳದೆ ನೀರು ಕಡಮೆಯಾಗುತ್ತ, ಬಿಸಿಯೇರಿದ ಮೇಲೂ ಹೊಗೆಕೊಳವೆಯಿಂದ ಬಿಳಿಯ ಹೊಗೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಒಡೆದಿರುವ ಸಂಭವವುಂಟು. ಆಗ ಪ್ರಯಾಣ ಮುಂದುವರಿಸಬಾರದು.

ಎಲ್ಲಕ್ಕಿಂತ ಅಪಾಯದ ಸೂಚನೆಯೆಂದರೆ, ಏರಿದ ಮುಳ್ಳು ಕಾರಣವಿಲ್ಲದೆ ಇಳಿದುಬಿಡುವುದು. ಚಾಲಕನು ಸಮಾಧಾನದ ಉಸಿರು ಬಿಡುತ್ತಾನೆ. ಆದರೆ ನೀರೆಲ್ಲ ಸೋರಿ ಸೆನ್ಸರ್ ಬರಿಯ ಗಾಳಿಯಲ್ಲಿ ನಿಂತಿದ್ದರೂ ಮುಳ್ಳು ಹಾಗೆಯೇ ಇಳಿಯುತ್ತದೆ. ಒಳಗೆ ಲೋಹ ಕಾಯುತ್ತಲೇ ಇರುತ್ತದೆ, ಅಲ್ಯುಮಿನಿಯಮ್ ಹೆಡ್ಡು ಬಾಗುತ್ತದೆ. ಇನ್ನೊಂದು ಮಾತು: ಇಂದಿನ ಅನೇಕ ಕಾರುಗಳಲ್ಲಿ ನೀರಿನ ಬಿಸಿ ಹತ್ತಾರು ಡಿಗ್ರಿ ಹೆಚ್ಚುಕಡಮೆಯಾದರೂ ಮುಳ್ಳು ನಡುವೆಯೇ ನಿಲ್ಲುವಂತೆ ಏರ್ಪಡಿಸಿರುತ್ತಾರೆ. ಕೆಲವು ಸಣ್ಣ ಕಾರುಗಳಲ್ಲಂತೂ ಮುಳ್ಳೇ ಇಲ್ಲ, ನೀಲಿ ಮತ್ತು ಕೆಂಪು ದೀಪ ಮಾತ್ರ. ಇದು ಚಾಲಕನಿಗೆ ಮಾಡಿದ ಉಪಕಾರವೆಂದು ನಾನು ಹೇಳಲಾರೆ. ಇಂಥ ಗಾಡಿಯಲ್ಲಿ ಮುಳ್ಳು ನಡುವನ್ನು ದಾಟಿತೆಂದರೆ ಆಗಲೇ ತಡವಾಗಿದೆಯೆಂದು ತಿಳಿಯಬೇಕು.

ಘಾಟಿಯಲ್ಲಿ ಮುಳ್ಳು ಏಳತೊಡಗಿದರೆ ಮೊದಲು ಏರ್ ಕಂಡೀಷನರನ್ನು ನಿಲ್ಲಿಸಿ, ಹೀಟರನ್ನು ಪೂರ್ತಿ ತೆರೆಯಿರಿ. ಒಳಗಿದ್ದವರು ಬೆವರಿಯಾರು, ಆದರೆ ಹೀಟರೂ ಒಂದು ಚಿಕ್ಕ ರೇಡಿಯೇಟರೇ. ಮುಳ್ಳು ಏರುತ್ತಿದ್ದರೂ ಹೀಟರಿನಿಂದ ತಣ್ಣನೆಯ ಗಾಳಿ ಬಂದರೆ ನೀರು ಓಡುತ್ತಿಲ್ಲವೆಂದೇ ಅರ್ಥ. ಕೆಂಪು ಮುಟ್ಟಿದ ಮೇಲೆ ಗಾಡಿಯನ್ನು ಬದಿಗೆ ನಿಲ್ಲಿಸಿ ಎಂಜಿನ್ನನ್ನು ಆರಿಸುವುದೇ ಸರಿ.

ಮುಚ್ಚಳವನ್ನು ಮಾತ್ರ ಮುಟ್ಟಬೇಡಿ. ಒತ್ತಡ ಬಿಟ್ಟೊಡನೆ ಒಳಗಿನ ನೀರು ಒಮ್ಮೆಗೇ ಆವಿಯಾಗಿ ಮುಖಕ್ಕೆ ಚಿಮ್ಮುತ್ತದೆ; ಕೈ ಮುಖ ಸುಟ್ಟುಕೊಳ್ಳುವುದು ಹೀಗೆಯೇ. ಅರ್ಧ ಗಂಟೆಯಾದರೂ ಕಾಯಿರಿ, ರೇಡಿಯೇಟರಿನ ಮೇಲಿನ ರಬ್ಬರು ಕೊಳವೆಯನ್ನು ಬರಿಗೈಯಿಂದ ಆರಾಮವಾಗಿ ಹಿಡಿಯಲು ಬರುವವರೆಗೂ ಕಾಯಿರಿ. ಅನಂತರ ದಪ್ಪ ಬಟ್ಟೆ ಮುಚ್ಚಿ ಮೆಲ್ಲನೆ ತಿರುಗಿಸಬಹುದು. ಕಾದ ಎಂಜಿನ್ನಿಗೆ ತಣ್ಣೀರು ಸುರಿದರೆ ಲೋಹ ಬಿರಿಯಬಹುದಾದ್ದರಿಂದ, ಆರಿದ ಮೇಲೆಯೇ ಸ್ವಲ್ಪ ಸ್ವಲ್ಪವಾಗಿ ತುಂಬಿಸಿ. ಊರು ಸೇರಿದ ಮರುದಿನ ಬೆಳಗ್ಗೆ, ಎಂಜಿನ್ನು ತಣ್ಣಗಿರುವಾಗ, ನೀರಿನ ಮಟ್ಟವನ್ನು ಮತ್ತೊಮ್ಮೆ ನೋಡಿ. ಇಳಿದಿದ್ದರೆ ಮೆಕ್ಯಾನಿಕ್ಕಿಗೆ ಅದನ್ನೂ ಹೇಳಿ, ಮುಳ್ಳು ಏರಿದ್ದು ಯಾವ ಸಂದರ್ಭದಲ್ಲಿ ಎಂಬುದನ್ನೂ ಹೇಳಿ.